ಕೋಡುಬಳೆ ಹೇಗಿತ್ತು?

ಪ್ರತಿದಿನ ರಾತ್ರಿ ಎಂಟೂವರೆಗೆ ಅಮ್ಮನ ಫೋನ್ ಬರುತ್ತೆ. ಹಾಸ್ಟೆಲ್‌ನಲ್ಲಿರೋ ಎಲ್ಲರಿಗೂ ಬರುವಂಥದ್ದೇ. ಮೊದಲ ಪ್ರಶ್ನೆ, "ಊಟ ಆಯ್ತೇನೇ?" ಎರಡನೆಯದು, "ಏನ್ ಮಾಡಿದ್ರು ಇವತ್ತು?" ಮೊದಲನೆಯದಕ್ಕೆ "ಹ್ಞೂ ಅಮ್ಮ, ಆಯ್ತು" ಅನ್ನೋ ಉತ್ತರ ಯಾವಾಗಲೂ ರೆಡಿ. ಆದರೆ ಮೂರನೇ ಸೆಮ್‌ನ ಒಂದು ರಾತ್ರಿ ಎರಡನೇ ಪ್ರಶ್ನೆಗೆ ಉತ್ತರ ಹೇಳೋಕೆ ನಾನು ತಲೆ ಬಗ್ಗಿಸಿ ತಟ್ಟೆ ನೋಡಬೇಕಾಯ್ತು. ತಟ್ಟೆ ಎದುರಿಗೇ ಇತ್ತು, ಮುಕ್ಕಾಲು ಖಾಲಿ. ಅಂಚಿನಲ್ಲಿ ಕೆಂಪು ಬಣ್ಣ ಅಂಟಿಕೊಂಡಿತ್ತು. "ಬೀಟ್‌ರೂಟ್ ಪಲ್ಯ ಅಮ್ಮ" ಅಂದೆ. ತಿಂದವಳು ನಾನೇ. ಆದರೆ ನೆನಪಿದ್ದದ್ದು ಆಗ ನೋಡ್ತಾ ಇದ್ದ ರೀಲ್ಸ್ ಮಾತ್ರ.

ಅದನ್ನ ರೂಮ್‌ಮೇಟ್‌ಗೆ ಹೇಳಿ ನಕ್ಕಿದ್ದೆ. ಅದು ನಗುವ ವಿಷಯ ಅಲ್ಲ ಅಂತ ಗೊತ್ತಾಗೋಕೆ ಇನ್ನೂ ಮೂರು ತಿಂಗಳು ಬೇಕಾಯ್ತು.

ಮುಂದಿನ ತಿಂಗಳು ತಿಪಟೂರಿನಲ್ಲಿ ನೆಂಟರ ಮದುವೆ. ಬಾಳೆಎಲೆ ಮುಂದೆ ಕೂತಿದ್ದೆ. ಹೋಳಿಗೆ ಬಡಿಸೋರು ಬಂದಾಗ ಪಕ್ಕದಲ್ಲಿದ್ದ ದೊಡ್ಡಮ್ಮ, "ಹಾಸ್ಟೆಲ್ ಊಟ ಚೆನ್ನಾಗಿ ಮೈಗೆ ಹತ್ತಿದೆ ಕಣೇ ನಿಂಗೆ" ಅಂದರು. ಕೆಟ್ಟ ಮನಸ್ಸಿನಿಂದ ಅಂದಿದ್ದಲ್ಲ. ಮರುಕ್ಷಣವೇ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿ, ಮೇಲೆ ತುಪ್ಪ ಬಡಿಸೋಕೂ ಅವರೇ ಹೇಳಿದರು. ಹೋಳಿಗೆ ತಿಂದೆ. ಆದರೆ ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಕ್ಯಾಲೊರಿ ಲೆಕ್ಕ ಹಾಕೋ ಆಪ್ ಡೌನ್‌ಲೋಡ್ ಮಾಡಿಕೊಂಡೆ.

ಅಲ್ಲಿಂದ ಊಟ ಅನ್ನೋದು ನನಗೆ ಇಂಟರ್ನಲ್ಸ್ ಥರ ಆಗಿಬಿಟ್ಟಿತು. ಆಪ್‌ನಲ್ಲಿ ಹಸಿರು ಬಂದರೆ ಪಾಸ್, ಕೆಂಪು ಬಂದರೆ ಫೇಲ್. ತಿಂಡಿ ಬಿಟ್ಟೆ. ಮಧ್ಯಾಹ್ನ ಅನ್ನ ಬಿಟ್ಟೆ. ಗೆಳತಿಯರು ಕ್ಯಾಂಟೀನ್‌ಗೆ ಕರೆದರೆ "ಅಸೈನ್‌ಮೆಂಟ್ ಇದೆ" ಅಂತ ತಪ್ಪಿಸಿಕೊಳ್ತಿದ್ದೆ. ಹಗಲೆಲ್ಲ ಹೆಮ್ಮೆ. ರಾತ್ರಿ ಹನ್ನೊಂದಾದ ಮೇಲೆ ಮಾತ್ರ ತಲೆಯಲ್ಲಿ ಬರೀ ತಿನ್ನೋದೇ ಓಡ್ತಿತ್ತು. ಕೆಟಲ್‌ನಲ್ಲಿ ಮ್ಯಾಗಿ, ಅದಾದ ಮೇಲೆ ಬಿಸ್ಕೆಟ್, ಆಮೇಲೆ ರೂಮ್‌ಮೇಟ್‌ನ ಚಿಪ್ಸ್. ಬೆಳಗ್ಗೆ ಎದ್ದಾಗ ನಾಚಿಕೆ. ಶಿಕ್ಷೆ ಅಂತ ಮತ್ತೆ ತಿಂಡಿ ಬಿಡೋದು.

ಹೀಗಿರುವಾಗ ಅಮ್ಮ ಊರಿಂದ ಒಂದು ಡಬ್ಬಿ ಕೋಡುಬಳೆ ಕಳಿಸಿದರು. "ಪರೀಕ್ಷೆ ಮುಗಿಯೋವರೆಗೂ ಬರ್ಲಿ, ದಿನಾ ಎರಡೆರಡು ತಿನ್ನು" ಅಂದಿದ್ದರು. ಆ ರಾತ್ರಿ ಲ್ಯಾಬ್ ರೆಕಾರ್ಡ್ ಬರೀತಾ, ಲ್ಯಾಪ್‌ಟಾಪ್‌ನಲ್ಲಿ ಸೀರೀಸ್ ಹಾಕಿಕೊಂಡು ಡಬ್ಬಿ ಪಕ್ಕಕ್ಕಿಟ್ಟುಕೊಂಡೆ. ಎರಡನೇ ಎಪಿಸೋಡ್ ಮುಗಿಯೋ ಹೊತ್ತಿಗೆ ಕೈಗೆ ಡಬ್ಬಿಯ ತಳ ಸಿಕ್ಕಿತು. ಲೈಟ್ ಹಾಕಿ ನೋಡಿದೆ. ಬರೀ ಪುಡಿ. ರೂಮ್‌ಮೇಟ್ ಎದ್ದರೆ ಕಾಣಬಾರದು ಅಂತ ಖಾಲಿ ಡಬ್ಬಿಯನ್ನ ಸೂಟ್‌ಕೇಸ್ ಹಿಂದೆ ಬಚ್ಚಿಟ್ಟೆ.

ಎರಡು ದಿನ ಬಿಟ್ಟು ಅಮ್ಮ ಕೇಳಿದರು: "ಕೋಡುಬಳೆ ಹೇಗಿತ್ತೇ? ಈ ಸಲ ಹೊಸ ಖಾರದಪುಡಿ. ಖಾರ ಜಾಸ್ತಿ ಆಗಿತ್ತಾ?"

ನನಗೆ ಗೊತ್ತಿರಲಿಲ್ಲ. ಒಂದು ಡಬ್ಬಿ ತಿಂದಿದ್ದೆ, ಖಾರ ಇತ್ತೋ ಇಲ್ವೋ ಗೊತ್ತಿರಲಿಲ್ಲ. "ಚೆನ್ನಾಗಿತ್ತಮ್ಮ" ಅಂದು ಫೋನ್ ಇಟ್ಟೆ. ಅಕ್ಕಿಹಿಟ್ಟು ಹುರಿದು, ಕೊಬ್ಬರಿ ರುಬ್ಬಿ, ಒಂದೊಂದನ್ನೇ ಹೊಸೆದು, ಎಣ್ಣೆ ಮುಂದೆ ಒಂದು ಮಧ್ಯಾಹ್ನ ಪೂರ್ತಿ ನಿಂತಿದ್ದವರು ಅವರು. ಅವತ್ತು ತುಂಬಾ ಅತ್ತೆ.

ಮಾರನೇ ದಿನ ಕಾಲೇಜಿನ ಕೌನ್ಸೆಲರ್ ಹತ್ರ ಹೋದೆ. ಸತ್ಯ ಹೇಳ್ತೀನಿ, ಒಳಗೆ ಹೋಗೋ ಮುಂಚೆ ಆ ಕಾರಿಡಾರ್‌ನಲ್ಲಿ ಮೂರು ಸಲ ಓಡಾಡಿದ್ದೆ. "ನನಗೆ ವಿಲ್‌ಪವರ್ ಇಲ್ಲ ಮೇಡಂ" ಅಂದಾಗ ಅವರು ಒಂದು ಹಳೇ ಪ್ರಯೋಗದ ಕಥೆ ಹೇಳಿದರು. ಎರಡನೇ ಮಹಾಯುದ್ಧದ ಕೊನೆಯ ಹೊತ್ತು, 1944-45. ಬರಗಾಲದಲ್ಲಿ ಬಳಲಿದವರನ್ನ ಮತ್ತೆ ಹೇಗೆ ಚೇತರಿಸಬೇಕು ಅಂತ ತಿಳಿಯೋಕೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಎಲ್ಲರೂ ತಾವಾಗೇ ಒಪ್ಪಿ ಬಂದವರು. ದಿನ ಕಳೆದಂತೆ ಅವರಿಗೆ ಊಟದ್ದೇ ಯೋಚನೆ, ಊಟದ್ದೇ ಮಾತು. ಕೆಲವರು ಅಡುಗೆ ಪುಸ್ತಕ ಓದುತ್ತಾ ಕೂತರಂತೆ. ಪ್ರಯೋಗ ಮುಗಿದ ಮೇಲೂ ಕೆಲವರಿಗೆ ಎಷ್ಟು ತಿಂದರೂ ಸಾಕು ಅನ್ನಿಸ್ತಾ ಇರಲಿಲ್ಲ. "ಅವರಿಗೂ ವಿಲ್‌ಪವರ್ ಇರಲಿಲ್ವಾ?" ಅಂತ ಮೇಡಂ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ. "ಮೊದಲು ಬೆಳಗ್ಗೆ ತಿಂಡಿ ತಿನ್ನು. ಉಳಿದದ್ದು ಆಮೇಲೆ ನೋಡೋಣ" ಅಂದರು.

ಮುಂದಿನ ಸಲ ಹೋದಾಗ ಕೈಗೆ ಒಂದೇ ಒಂದು ಒಣದ್ರಾಕ್ಷಿ ಕೊಟ್ಟು, ನೋಡಿ, ಮೂಸಿ, ನಿಧಾನಕ್ಕೆ ಅಗಿದು ತಿನ್ನು ಅಂದರು. ಜಾನ್ ಕಬಾಟ್-ಜಿನ್ ಅನ್ನುವವರು 1979ರಲ್ಲಿ ಶುರು ಮಾಡಿದ ತರಬೇತಿಯಲ್ಲಿ ಇದೊಂದು ಅಭ್ಯಾಸವಂತೆ. ನನಗೆ ಒಳಗೊಳಗೇ ನಗು. ಆದರೂ ಆ ದ್ರಾಕ್ಷಿಯಲ್ಲಿ ಮೊದಲು ಹುಳಿ, ಆಮೇಲೆ ಸಿಹಿ ಬರುತ್ತೆ ಅಂತ ಅವತ್ತೇ ಗೊತ್ತಾಗಿದ್ದು.

ಸೆಮ್ ರಜೆಗೆ ಊರಿಗೆ ಹೋದೆ. ಅವರೆಕಾಯಿ ಕಾಲ. ರಾತ್ರಿ ಮುದ್ದೆ, ಅವರೆಕಾಳು ಸಾರು. ನಾನು ಕಲಿತ ವಿದ್ಯೆ ತೋರಿಸೋಣ ಅಂತ ಮುದ್ದೆಯ ತುತ್ತನ್ನ ಬಾಯಲ್ಲಿಟ್ಟು ಅಗಿಯೋಕೆ ಶುರು ಮಾಡಿದೆ. ಅಜ್ಜಿಗೆ ನಗು ತಡೆಯೋಕೆ ಆಗಲಿಲ್ಲ. "ಮುದ್ದೆ ಯಾರಾದ್ರೂ ಅಗೀತಾರೇನೇ? ಸಾರಲ್ಲಿ ಅದ್ದು, ನುಂಗು!"

ಆಮೇಲೆ ಅಜ್ಜಿ ಊಟ ಮಾಡೋದನ್ನೇ ನೋಡ್ತಾ ಕೂತೆ. ಅಜ್ಜಿ ಮುದ್ದೆ ನುಂಗ್ತಾರೆ, ಒಂದು ಸಲಾನೂ ಅಗಿಯಲ್ಲ. ಆದರೆ ಟಿವಿ ಕಡೆ ತಿರುಗಲ್ಲ. ಕಾಳು ಸ್ವಲ್ಪ ಬಲಿತಿದೆ ಅಂತ ಎರಡನೇ ತುತ್ತಿಗೇ ಹೇಳಿದರು. ಅಮ್ಮ ಇನ್ನರ್ಧ ಮುದ್ದೆ ಹಾಕೋಕೆ ಬಂದರೆ ತಟ್ಟೆ ಮೇಲೆ ಕೈ ಅಡ್ಡ ಹಿಡಿದು "ಸಾಕು" ಅಂದರು. ಸಾಕು ಅಂತ ಹೇಗೆ ಗೊತ್ತಾಗುತ್ತಜ್ಜಿ ಅಂತ ಕೇಳಿದೆ. "ಸಾಕಾಯ್ತು ಅಂದ್ರೆ ಸಾಕಾಯ್ತು. ಅದಕ್ಕೇನ್ ಲೆಕ್ಕ?" ಅಂದರು. ಆಪ್ ಇಟ್ಟುಕೊಂಡು ಮೂರು ತಿಂಗಳು ಒದ್ದಾಡಿದವಳು ನಾನು. ಆ ರಾತ್ರಿ ಅದನ್ನ ಅನ್‌ಇನ್‌ಸ್ಟಾಲ್ ಮಾಡಿದೆ.

ನಾಲ್ಕನೇ ಸೆಮ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಬಂತು. ಫೀಡ್‌ಬ್ಯಾಕ್ ತಡವಾಗಿ ಬಂದರೆ ಓವರ್‌ಶೂಟ್ ಆಗುತ್ತೆ ಅಂತ ಸರ್ ಬೋರ್ಡ್ ಮೇಲೆ ಗ್ರಾಫ್ ಬರೆದಾಗ ನನಗೆ ಕಂಡಿದ್ದು ನನ್ನದೇ ಊಟ. ಹೊಟ್ಟೆ ತುಂಬ್ತಾ ಇರೋ ಸುದ್ದಿ ನರಗಳಿಂದ, ಕರುಳಿನ ಹಾರ್ಮೋನುಗಳಿಂದ ಮೆದುಳಿಗೆ ಪೂರ್ತಿ ತಲುಪೋಕೆ ಸುಮಾರು 15-20 ನಿಮಿಷ ಹಿಡಿಯುತ್ತೆ. ನಾವು ಏಳು ನಿಮಿಷದಲ್ಲಿ ಊಟ ಮುಗಿಸಿ ಎದ್ದಿರ್ತೀವಿ. ಫೋನ್ ಬೇರೆ ಕೈಯಲ್ಲಿದ್ದರೆ ಬಂದ ಸುದ್ದಿ ಕೇಳೋರೂ ಇರಲ್ಲ. ಅದು ಓಪನ್ ಲೂಪ್. ಅದಕ್ಕೆ ಬೈದು ಪ್ರಯೋಜನ ಇಲ್ಲ, ಲೂಪ್ ಮುಚ್ಚಬೇಕು ಅಷ್ಟೇ.

ಈಗ ನಾನು ಮಾಡೋದು ಮೂರೇ ಕೆಲಸ. ಉಪ್ಪಿಟ್ಟು ಕಾಂಕ್ರೀಟ್ ಥರ ಇದ್ದರೂ ತಿಂಡಿ ಬಿಡಲ್ಲ. ಊಟದ ಮೊದಲ ಐದು ನಿಮಿಷ ಫೋನ್ ಬ್ಯಾಗ್‌ನಲ್ಲಿ. ಎರಡನೇ ಸಲ ಬಡಿಸಿಕೊಳ್ಳೋ ಮುಂಚೆ ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ಸುಮ್ಮನೆ ಕೂರೋದು. ಇನ್ನೂ ಬೇಕು ಅನ್ನಿಸಿದರೆ ಬೇಜಾರಿಲ್ಲದೆ ಹಾಕಿಸಿಕೊಳ್ತೀನಿ. ಇದರಲ್ಲೊಂದು ತೊಂದರೆನೂ ಇದೆ. ಗಮನ ಕೊಟ್ಟು ತಿಂದರೆ ಮೆಸ್ ಸಾಂಬಾರ್ ನಿಜವಾಗಲೂ ಎಷ್ಟು ನೀರು ಅಂತ ಗೊತ್ತಾಗಿಬಿಡುತ್ತೆ! ಆದರೆ ಬುಧವಾರದ ಹುಳಿ ಚೆನ್ನಾಗಿರುತ್ತೆ ಅನ್ನೋದೂ ಗೊತ್ತಾಯ್ತು. ಒಮ್ಮೆ ಬಡಿಸೋ ಅಣ್ಣನಿಗೆ ಹಾಗಂತ ಹೇಳಿದೆ. ನಾನು ತಮಾಷೆ ಮಾಡ್ತಿದೀನಿ ಅಂದುಕೊಂಡು ಅವರು ಎರಡು ಸಲ ಕೇಳಿದರು.

ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ಎಕ್ಸಾಮ್ ವಾರದಲ್ಲಿ ಈಗಲೂ ರಾತ್ರಿ ಒಂದು ಗಂಟೆಗೆ ಕೆಟಲ್ ಹತ್ರ ಹೋಗಿದ್ದಿದೆ. ವ್ಯತ್ಯಾಸ ಇಷ್ಟೇ, ಮಾರನೇ ದಿನ ನನಗೆ ನಾನೇ ಶಿಕ್ಷೆ ಕೊಟ್ಟುಕೊಳ್ಳಲ್ಲ. ತಿಂಡಿಗೆ ಹೋಗ್ತೀನಿ. ಇದನ್ನ ಓದ್ತಾ ಇರೋರಲ್ಲಿ ಯಾರಾದರೂ ಸೂಟ್‌ಕೇಸ್ ಹಿಂದೆ ಡಬ್ಬಿ ಬಚ್ಚಿಟ್ಟಿದ್ದರೆ, ದಯವಿಟ್ಟು ಒಬ್ಬರ ಹತ್ರ ಹೇಳಿಕೊಳ್ಳಿ. ಕೌನ್ಸೆಲರ್ ರೂಮಿಗೆ ಹೋಗೋಕೆ ಹಿಂಜರಿಕೆ ಅನ್ನಿಸಿದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೋದ ತಿಂಗಳು ಇನ್ನೊಂದು ಡಬ್ಬಿ ಬಂತು. ಮುಚ್ಚಳ ತೆಗೆದು, ರೂಮ್‌ಮೇಟ್‌ನ ಕರೆದು, ಇಬ್ಬರೂ ಕಿಟಕಿ ಹತ್ರ ಕೂತು ಎರಡೆರಡು ತಿಂದೆವು. ರಾತ್ರಿ ಎಂಟೂವರೆಗೆ ಫೋನ್ ಬಂದಾಗ ಅಮ್ಮ ಕೇಳೋ ಮುಂಚೆ ನಾನೇ ಹೇಳಿದೆ.

"ಅಮ್ಮ, ಖಾರ ಸರಿಯಾಗಿದೆ. ಇಂಗು ಸ್ವಲ್ಪ ಜಾಸ್ತಿ ಆಗಿದೆ."

ಆ ಕಡೆ ಒಂದು ಕ್ಷಣ ಮೌನ. "ಹೌದೇನೇ? ನಂಗೂ ಹಾಗೇ ಅನ್ನಿಸ್ತು" ಅಂದರು ಅಮ್ಮ.