ಪಕ್ಕದಲ್ಲಿ ನಿಂತವರು

ಯಾದಗಿರಿಯ ರೈಲು ನಿಲ್ದಾಣದಲ್ಲಿಳಿದು ಬಸ್ಸು ಹಿಡಿದ ಪ್ರವಾಸಿಯು, ಸುರಪುರದ ಗುಡ್ಡಗಳನ್ನು ಕಂಡಮೇಲೆ ರಂಗಂಪೇಟೆಯನ್ನು ಬೇರೆಯಾಗಿ ಹುಡುಕಬೇಕಾಗಿಲ್ಲ. ಅದು ಸುರಪುರದ ಮಗ್ಗುಲಲ್ಲೇ ಇದೆ. ಎರಡು ಊರುಗಳ ಹೆಸರನ್ನೂ ಜನ ಒಂದೇ ಉಸಿರಿನಲ್ಲಿ ಹೇಳುವುದುಂಟು. ಹೆಬ್ಬಂಡೆಗಳ ಈ ಸೀಮೆಯಲ್ಲಿ ಬೇಸಗೆಯ ಬಿಸಿಲಿಗೆ ಕಲ್ಲು ಕೆಂಡವಾಗುತ್ತದೆ. ಮಂಜುಗಡ್ಡೆಯೆಂದರೆ ಇಲ್ಲಿ ಶರಬತ್ತಿನ ಲೋಟದಲ್ಲಿ ತೇಲುವ ವಸ್ತು. ಅದರ ಮೇಲೆ ಹಾಕಿ ಆಡುವರೆಂದರೆ ಅಜ್ಜಿಯ ಕಥೆಯೆಂದು ಮಕ್ಕಳು ನಕ್ಕಾರು.

ಆದರೆ ಆ ಆಟದಲ್ಲಿ ಅಂಗಳಕ್ಕಿಳಿಯದೆ ಪಕ್ಕದಲ್ಲಿ ನಿಲ್ಲುವವನೊಬ್ಬನಿದ್ದಾನೆ. ಅಂಥವನ ಬಾಳು ಈ ಊರಿಗೆ ಅಪರಿಚಿತವಲ್ಲ. ಸುರಪುರದ ಗುಡ್ಡದ ಮೇಲಣ ಟೇಲರ್ ಮಂಜಿಲ್ ಎಂಬ ಬಂಗಲೆಯೇ ಅದಕ್ಕೆ ಸಾಕ್ಷಿ. 1842ರಲ್ಲಿ ರಾಜಾ ಕೃಷ್ಣಪ್ಪ ನಾಯಕನು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕನಿನ್ನೂ ಬಾಲಕ. ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ 1853ರವರೆಗೆ ಸಂಸ್ಥಾನವನ್ನು ನೋಡಿಕೊಂಡು, ಹುಡುಗನನ್ನು ಪಟ್ಟಕ್ಕೆ ಸಿದ್ಧಗೊಳಿಸಿದನು. ಬಾಲರಾಜನು ಅವನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದನಂತೆ. ಟೇಲರ್ ಬಂದದ್ದು ಪರರಾಜ್ಯದ ಹಿತಕ್ಕೆಂಬುದು ನಿಜ. ಆ ವಾತ್ಸಲ್ಯವೂ ಸುಳ್ಳಲ್ಲ. 1858ರಲ್ಲಿ ವೆಂಕಟಪ್ಪ ನಾಯಕನು ಬ್ರಿಟಿಷರ ಮೇಲೆ ತಿರುಗಿ ಬಿದ್ದಾಗ ಟೇಲರ್ ದೂರದ ಬೇರಾರಿನಲ್ಲಿದ್ದನು. ಮುಂದೆ ಗುರುಶಿಷ್ಯರು ಸಂಧಿಸಿದ್ದು ಸಿಕಂದರಾಬಾದಿನ ಸೆರೆಯಲ್ಲಿ. ಆ ವರ್ಷವೇ ರಾಜನು ಗುಂಡೇಟಿನಿಂದ ಮಡಿದನು. ಕಲಿಸಿದವನಿಗೆ ಕಣದಲ್ಲಿ ಕೈ ನೀಡುವ ಅವಕಾಶವೇ ಇರಲಿಲ್ಲ.

ಅಮೆರಿಕದ ಕಾಲೇಜುಗಳ ಐಸ್ ಹಾಕಿಯಲ್ಲಿ ಸಹಾಯಕ ತರಬೇತುದಾರನ ಪಾಡು ಇಷ್ಟು ದಾರುಣವಲ್ಲವಾದರೂ ಬಗೆ ಇದೇ. ಹೆಚ್ಚಾಗಿ ಅವನು ಹಳೆಯ ಆಟಗಾರ. ಹಿಮ ಸುರಿಯುವ ರಾತ್ರಿಗಳಲ್ಲಿ ಊರೂರು ಅಲೆದು, ಹದಿನಾರು ಹದಿನೇಳರ ಹುಡುಗರ ಆಟ ನೋಡಿ, ಅವರ ತಾಯ್ತಂದೆಯರನ್ನು ಒಲಿಸಿ ಕಾಲೇಜಿಗೆ ಕರೆತರುವವನು ಅವನೇ. ಹಗಲೆಲ್ಲ ಪಂದ್ಯಗಳ ಚಿತ್ರಗಳನ್ನು ಹಿಂದೆ ಮುಂದೆ ತಿರುಗಿಸಿ ಎದುರಾಳಿಯ ದೌರ್ಬಲ್ಯ ಹುಡುಕುತ್ತಾನೆ. ಶುಕ್ರವಾರ, ಶನಿವಾರದ ರಾತ್ರಿಗಳು ಸಾಮಾನ್ಯವಾಗಿ ಪಂದ್ಯಕ್ಕೆ ಮೀಸಲು. ಮಂಜಿನ ಮೇಲಿನ ಓಟ ಎಷ್ಟು ಬಳಲಿಸುವುದೆಂದರೆ ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬದಲಾಗಬೇಕು. ಯಾರು ಹೊರಕ್ಕೆ, ಯಾರು ಒಳಕ್ಕೆ ಎಂದು ಬೆಂಚಿನ ಹಿಂದೆ ನಿಂತು ಕೂಗುವವರಲ್ಲಿ ಅವನೂ ಒಬ್ಬ. ಗೆದ್ದರೆ ಪತ್ರಿಕೆಯಲ್ಲಿ ಮುಖ್ಯ ತರಬೇತುದಾರನ ಭಾವಚಿತ್ರ. ಸೋತು ಆತನು ಕೆಲಸ ಬಿಟ್ಟರೆ ಇವನೂ ಗಂಟುಮೂಟೆ ಕಟ್ಟಬೇಕಾದೀತು.

1980ರ ಫೆಬ್ರವರಿ 22ರಂದು ಲೇಕ್ ಪ್ಲಾಸಿಡ್‌ನಲ್ಲಿ ಬಹುಮಟ್ಟಿಗೆ ಕಾಲೇಜು ಹುಡುಗರೇ ಇದ್ದ ಅಮೆರಿಕದ ತಂಡವು ಬಲಾಢ್ಯ ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿತು. ತರಬೇತುದಾರ ಹರ್ಬ್ ಬ್ರೂಕ್ಸ್ ಅವರ ಹೆಸರು ಜಗತ್ತಿಗೇ ತಿಳಿಯಿತು. ಅವರ ಕಾಠಿಣ್ಯಕ್ಕೆ ನೊಂದ ಹುಡುಗರ ಬೆನ್ನು ಸವರಿದ ಸಹಾಯಕ ಕ್ರೇಗ್ ಪ್ಯಾಟ್ರಿಕ್ ಅವರನ್ನು ನೆನೆಯುವವರು ಕಡಿಮೆ. ಅದೇ ವರ್ಷ ಮಾಸ್ಕೋದಲ್ಲಿ ಭಾರತವು ಸ್ಪೇನನ್ನು ಮಣಿಸಿ ಹಾಕಿಯ ಚಿನ್ನ ಗೆದ್ದದ್ದೂ 4–3ರಿಂದಲೇ ಎಂಬುದು ಸೋಜಿಗ. ಆ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರು.

ಮಂಜಿಲ್ಲದ ನಮ್ಮ ನಾಡಿನಲ್ಲಿ ಹಾಕಿಯೆಂದರೆ ಹುಲ್ಲಿನದು, ಈಗ ನೀರು ಚಿಮುಕಿಸಿದ ಕೃತಕ ಹಾಸಿನದು. ಇಲ್ಲಿಯೂ ಪಕ್ಕದಲ್ಲಿ ನಿಂತವರಿದ್ದಾರೆ. ಬೆಂಗಳೂರಿನ ಜೂಡ್ ಫೆಲಿಕ್ಸ್ 1988 ಮತ್ತು 1992ರ ಒಲಿಂಪಿಕ್ಸ್‌ನಲ್ಲಿ ಆಡಿದವರು, ಭಾರತದ ನಾಯಕರಾಗಿದ್ದವರು. ಅಂಥವರು 2014ರಲ್ಲಿ ಆಸ್ಟ್ರೇಲಿಯದ ಟೆರ್ರಿ ವಾಲ್ಷ್ ಅವರ ಕೈಕೆಳಗೆ ರಾಷ್ಟ್ರೀಯ ತಂಡದ ಸಹಾಯಕ ತರಬೇತುದಾರರಾಗಿ ದುಡಿದರು. ನಾಯಕನಾಗಿದ್ದವನಿಗೆ ಎರಡನೆಯ ಕುರ್ಚಿ ಹಗುರವಾದುದೇನಲ್ಲ. ಆ ವರ್ಷದ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತವು ಪಾಕಿಸ್ತಾನವನ್ನು ಪೆನಾಲ್ಟಿ ಹೊಡೆತಗಳಲ್ಲಿ ಸೋಲಿಸಿ, 16 ವರ್ಷಗಳ ಬಳಿಕ ಚಿನ್ನ ಪಡೆಯಿತು. ಕೊಡಗಿನ ರಘುನಾಥ್, ಸುನಿಲ್ ಅದರಲ್ಲಿ ಆಡಿದರು. 2020ರಲ್ಲಿ ಫೆಲಿಕ್ಸ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದಿತು. ಆದರೆ ಅವರ ಕೆಲಸದ ತಿರುಳು ಪದಕದಲ್ಲಿಲ್ಲ. 2009ರಲ್ಲಿ ಬೆಂಗಳೂರಿನಲ್ಲಿ ಅವರು ತೆರೆದ ಅಕಾಡೆಮಿಯಲ್ಲಿ, ಕೋಲು ಕೊಳ್ಳಲಾಗದ ಮನೆಗಳ ಮಕ್ಕಳ ಕೈಗೆ ಕೋಲು ಕೊಟ್ಟದ್ದರಲ್ಲಿದೆ.

ರಂಗಂಪೇಟೆಯಿಂದ ಆ ಅಕಾಡೆಮಿಗೆ ಯಾದಗಿರಿಯವರೆಗೆ ಬಸ್ಸು, ಮುಂದೆ ಒಂದು ರಾತ್ರಿಯ ರೈಲು. ಕ್ರಿಕೆಟ್ಟು, ಕಬಡ್ಡಿಗಳ ಈ ಸೀಮೆಯಲ್ಲಿ ಹಾಕಿ ಕೋಲು ಹಿಡಿದ ಹುಡುಗ ಅಪರೂಪ. ಹಿಡಿದರೂ ಆ ರಾತ್ರಿಯ ರೈಲಿಗೆ ಅವನನ್ನು ಹತ್ತಿಸಲು, ‘ಇವನಲ್ಲಿ ಆಟವಿದೆ’ ಎಂದು ಅವನ ತಂದೆಗೆ ಹೇಳಲು, ಮೊದಲು ಈ ಊರಿನಲ್ಲೇ ಒಬ್ಬರು ಅವನ ಪಕ್ಕದಲ್ಲಿ ನಿಂತಿರಬೇಕು. ಸಂಜೆ ಬಿಸಿಲು ಇಳಿದ ಮೇಲೆ ಬಂಡೆಗಳ ನಡುವೆ ಹುಡುಗರ ಕೂಗು ಕೇಳುತ್ತದೆ. ಪ್ರವಾಸಿಯ ಕಿವಿ ಆ ಕೂಗಿನ ನಡುವೆ ಒಂದು ಸೀಟಿಯ ದನಿಯನ್ನು ಹುಡುಕುತ್ತದೆ.