ನೀರು ಬತ್ತಾ ಇದ್ದಾ ನೋಡು

ತುಂಬಾ ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಮೊನ್ನೆ ತದಡಿಯಲ್ಲಿ ನಡೆದದ್ದನ್ನು ಹೇಳೋಣ ಅಂತ ಕೂತಿದ್ದೇನೆ. ಆದರೆ ಅದಕ್ಕೂ ಮೊದಲು ನಮ್ಮೂರು ತ್ಯಾಗಲಿಯ ಒಂದು ಹಳೇ ಕಥೆ ಹೇಳಲೇಬೇಕು.

ನಾನಾಗ ಏಳನೇ ಕ್ಲಾಸು ಮುಗಿಸಿ ಬೇಸಗೆ ರಜೆಯಲ್ಲಿದ್ದೆ. ತೋಟದ ಕೆಳಗೆ ಹಳ್ಳದ ಪಕ್ಕದಲ್ಲಿ ನಮ್ಮದೊಂದು 5 ಎಚ್‌ಪಿ ಡೀಸೆಲ್ ಪಂಪ್‌ಸೆಟ್ಟು. ಆ ಎಂಜಿನ್ನಿಗೆ ರೇಡಿಯೇಟರ್ ಅಂತೆಲ್ಲ ಇರಲಿಲ್ಲ. ಪಂಪು ಎತ್ತುವ ನೀರಿನಲ್ಲೇ ಸ್ವಲ್ಪ ಒಂದು ಸಣ್ಣ ಪೈಪಿನಲ್ಲಿ ಹೋಗಿ, ಸಿಲಿಂಡರಿನ ಸುತ್ತ ತಿರುಗಿ, ಬಿಸಿಯಾಗಿ ಇನ್ನೊಂದು ಪೈಪಿನಿಂದ ಹೊರಗೆ ಬೀಳುತ್ತಿತ್ತು. ಪಂಪು ನೀರು ಎತ್ತದಿದ್ದರೆ ಎಂಜಿನ್ನಿಗೂ ನೀರಿಲ್ಲ.

ಅಪ್ಪಯ್ಯ ಎಂಜಿನ್ ಚಾಲು ಮಾಡಿ, "ತಮಾ, ಈ ಪೈಪಲ್ಲಿ ನೀರು ಬತ್ತಾ ಇದ್ದಾ ನೋಡ್ತಾ ಇರು. ನಿಂತ್ರೆ ಎಂಜಿನ್ ಬಂದ್ ಮಾಡು" ಅಂತ ಹೇಳಿ ತೋಟಕ್ಕೆ ಹೋದ.

ನನ್ನ ಕೈಯಲ್ಲೊಂದು ಪತ್ತೇದಾರಿ ಕಾದಂಬರಿ ಇತ್ತು :-) ಹಳ್ಳದ ನೀರು ಇಳಿದು ಫುಟ್‌ವಾಲ್ವು ಗಾಳಿ ಎಳೆದದ್ದು, ಪೈಪು ಒಣಗಿದ್ದು ಒಂದೂ ಗೊತ್ತಾಗಲಿಲ್ಲ. ಸುಟ್ಟ ವಾಸನೆ ಬಂತು ಅಂತ ತಲೆ ಎತ್ತುವಷ್ಟರಲ್ಲಿ ಎಂಜಿನ್ ಕರ್ರೆಂದು ನಿಂತೇಹೋಯಿತು. ಪಿಸ್ಟನ್ ಹಿಡಿದುಕೊಂಡಿತ್ತು. ಸಿದ್ದಾಪುರದಿಂದ ಮೆಕ್ಯಾನಿಕ್ ಬಂದು ಲೈನರ್, ಪಿಸ್ಟನ್ ಬದಲಾಯಿಸುವಷ್ಟರಲ್ಲಿ ಮೂರು ವಾರ. ಆ ವರ್ಷ ನೆಟ್ಟ ಅಡಿಕೆ ಸಸಿಗಳಿಗೆ ಅಪ್ಪಯ್ಯ ಕೊಡದಲ್ಲಿ ನೀರು ಹೊತ್ತ. ಆದರೂ ಅರ್ಧ ಸಸಿ ಒಣಗಿದವು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ...

ಈಗ ತದಡಿಗೆ ಬರುತ್ತೇನೆ. ನಮ್ಮ ಸೀಮೆಯ ಅಘನಾಶಿನಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟ ಇಳಿದು, ಸಮುದ್ರ ಸೇರುವುದು ಅಲ್ಲೇ. ಅಲ್ಲಿ ಗೆಳೆಯನೊಬ್ಬನಿಗೆ ಬಲೆ ಬಿಡುವ ಸಣ್ಣ ದೋಣಿ ಇದೆ. ಅದರ ಹಿಂದೆ ಒಂದು ಹಳೇ ಔಟ್‌ಬೋರ್ಡ್ ಎಂಜಿನ್ನು. ಪೆಟ್ರೋಲಿನಲ್ಲಿ ಶುರುವಾಗಿ ಆಮೇಲೆ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ನೋಡಿದರೆ ಅದೂ ನಮ್ಮ ಪಂಪ್‌ಸೆಟ್ಟಿನ ಅಣ್ಣತಮ್ಮನೇ! ನೀರೊಳಗಿರುವ ಜಾಲರಿಯಿಂದ ನದಿಯ ನೀರನ್ನೇ ಎಳೆದು, ಎಂಜಿನ್ನಿಗೆ ಏರಿಸಿ, ಮತ್ತೆ ಹೊರಗೆ ಬಿಡುತ್ತದೆ. ಅದರಲ್ಲೇ ಸ್ವಲ್ಪ ನೀರು ಹಿಂದಿನ ಸಣ್ಣ ತೂತಿನಿಂದ ಚಿಮ್ಮುತ್ತಿರುತ್ತದೆ. ಒಳಗೆ ನೀರು ಓಡುತ್ತಿದೆ ಅನ್ನುವುದಕ್ಕೆ ಅದೇ ಗುರುತು.

ಎಲ್ಲರೂ ನದಿ ನೋಡುತ್ತಿದ್ದರೆ ನಾನು ಆ ತೂತನ್ನೇ ನೋಡುತ್ತಾ ಕೂತಿದ್ದೆ. ಇಳಿತದ ಹೊತ್ತು, ಕೆಸರಿನ ದಿಬ್ಬದ ಪಕ್ಕ ಬರುತ್ತಿದ್ದೆವು. ಚಿಮ್ಮುತ್ತಿದ್ದ ನೀರು ಸಣ್ಣಗಾಗಿ ನಿಂತೇಬಿಟ್ಟಿತು. "ಬಂದ್ ಮಾಡೋ, ನೀರು ನಿಂತಿತು!" ಅಂತ ಕೂಗಿದೆ. ಅವನು ತಕ್ಷಣ ಬಂದ್ ಮಾಡಿ ಎಂಜಿನ್ ಮೇಲಕ್ಕೆತ್ತಿದ.

ಜಾಲರಿಗೆ ಕೆಸರು ಮೆತ್ತಿ, ಪ್ಲಾಸ್ಟಿಕ್ ಚೂರು ಸಿಕ್ಕಿಕೊಂಡಿತ್ತು. ತೆಗೆದ. ಸಣ್ಣ ತೂತಿಗೆ ತಂತಿ ತೂರಿಸಿದ. ಕೆಲವು ಸಲ ತೂತು ಮಾತ್ರ ಕಟ್ಟಿರುತ್ತದಂತೆ, ಆಗ ಎಂಜಿನ್ ಬಿಸಿಯಾಗಿರುವುದಿಲ್ಲ. ಇದು ಹಾಗಲ್ಲ, ಮೇಲೆ ನೀರು ಹನಿಸಿದರೆ ಚುರ್ ಅಂದಿತು. ಆರಿದ ಮೇಲೆ ಚಾಲು ಮಾಡಿದರೂ ತೂತಿನಿಂದ ಬಂದದ್ದು ನಾಲ್ಕು ಹನಿ. "ಒಳಗಿನ ರಬ್ಬರೇ ಹೋಗದೆ ಹೆಗಡೇರೆ" ಅಂದ. ಹುಟ್ಟು ಹಾಕಿಕೊಂಡು ದಡ ಸೇರಿದೆವು.

ದಡದಲ್ಲಿ ಎಂಜಿನ್ನಿನ ಕೆಳಭಾಗ ಬಿಚ್ಚಿದಾಗ ಸಿಕ್ಕಿತು, ನೀರು ಎತ್ತುವ ರಬ್ಬರಿನ ಇಂಪೆಲ್ಲರ್. ಎರಡು ಎಸಳು ಮುರಿದಿದ್ದವು, ಉಳಿದವು ಗಟ್ಟಿಯಾಗಿ ಒಂದೇ ಕಡೆ ಬಾಗಿ ನಿಂತಿದ್ದವು. ಅವನು ಹೊಸದನ್ನು ಹಾಕುವ ಮೊದಲು ಮುರಿದ ಎರಡು ಚೂರುಗಳನ್ನು ಹುಡುಕಿದ. ಅವು ಮೇಲಿನ ಪೈಪಿನಲ್ಲಿ ಸಿಕ್ಕಿಕೊಂಡರೆ ಹೊಸದು ಹಾಕಿಯೂ ಪ್ರಯೋಜನವಿಲ್ಲವಂತೆ. ಎರಡೂ ಸಿಕ್ಕವು. ಆಮೇಲೆ ಹೊಸ ಇಂಪೆಲ್ಲರಿಗೆ ಸೋಪಿನ ನೀರು ಸವರಿ, ಶಾಫ್ಟ್ ತಿರುಗುವ ದಿಕ್ಕಿಗೇ ತಿರುಗಿಸುತ್ತಾ ಕೂರಿಸಿದ. ಎಂಜಿನ್ನನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿಯೇ ಚಾಲು ಮಾಡಿದ. ಒಣಗಿದ್ದಲ್ಲಿ ಓಡಿಸಿದರೆ ಹೊಸ ರಬ್ಬರೂ ಸುಟ್ಟುಹೋಗುತ್ತದೆ. ನೀರು ಸರ್ರನೆ ಚಿಮ್ಮಿತು. ಡ್ರಮ್ಮಿನಲ್ಲಿದ್ದದ್ದು ಸಿಹಿನೀರು, ಒಳಗಿನ ಉಪ್ಪೂ ತೊಳೆದುಹೋಗಲಿ ಅಂತ ಸ್ವಲ್ಪ ಹೊತ್ತು ಹಾಗೇ ಓಡಲು ಬಿಟ್ಟ.

ರಾತ್ರಿ ಮನೆಗೆ ಫೋನ್ ಮಾಡಿ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಪಂಪ್‌ಸೆಟ್ಟಿನ ಸುದ್ದಿ ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ:

"ನೀರು ನಿಂತಿದ್ದು ನೀನೇ ನೋಡಿದ್ಯಾ?"

"ಹೌದು, ನಾನೇ."

"ಕೂಡ್ಲೆ ಬಂದ್ ಮಾಡ್ಸಿದ್ಯಾ?"

"ಮಾಡ್ಸಿದಿ."

"ಹಂಗಾರೆ ಅಡ್ಡಿಲ್ಲೆ" ಅಂದ.