ಮನೆಗೆ ತಕ್ಕ ನಾಯಿ

ಚಾಣಕ್ಯನ ಹೆಸರಿನಲ್ಲಿ ಪ್ರಚಾರದಲ್ಲಿರುವ ನೀತಿಸಂಗ್ರಹದಲ್ಲಿ, ಮನುಷ್ಯನು ನಾಯಿಯಿಂದ ಕಲಿಯತಕ್ಕ ಆರು ಗುಣಗಳನ್ನು ಎಣಿಸಿದೆ: ದೊರೆತಾಗ ಹೊಟ್ಟೆತುಂಬ ಉಣ್ಣುವದು, ದೊರೆಯದಾಗ ಸ್ವಲ್ಪದರಲ್ಲಿ ತೃಪ್ತಿಪಡುವದು, ಸುಖವಾಗಿ ನಿದ್ರಿಸುವದು, ಸಣ್ಣ ಸಪ್ಪಳಕ್ಕೂ ಎಚ್ಚರಗೊಳ್ಳುವದು, ಒಡೆಯನಲ್ಲಿ ಭಕ್ತಿ ಮತ್ತು ಶೌರ್ಯ. ಈ ಎಣಿಕೆಯಲ್ಲಿ ನಾಯಿಯ ಬಣ್ಣ, ಎತ್ತರ, ಬೆಲೆಗಳ ಮಾತೇ ಇಲ್ಲವೆಂಬದು ಗಮನಿಸತಕ್ಕ ವಿಷಯ. ಆದರೆ ಈಚೆಗೆ ಸುಶಿಕ್ಷಿತರ ಮನೆಗಳಲ್ಲಿ ನಾಯಿಯನ್ನು ತರುವ ಮಾತೆದ್ದರೆ ಮೊದಲು ಕೇಳಿಬರುವದು ತಳಿಯ ಹೆಸರು. ಆ ತಳಿಗೆ ಒಪ್ಪುವಂಥದು ಮನೆಯಲ್ಲಿ ಏನಿದೆಯೆಂಬ ಪ್ರಶ್ನೆಯು ಕಡೆಗೆ ಬರುವದು, ಇಲ್ಲವೆ ಬರುವದೇ ಇಲ್ಲ.

ಕೃಷ್ಣಾತೀರಕ್ಕೆ ಸಮೀಪದ ಕೊಡೇಕಲ್ಲನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಇಲ್ಲಿ ಬೇಸಿಗೆಯ ತಾಪವು 40 ಡಿಗ್ರಿಯನ್ನು ದಾಟುವದು. ಕಲ್ಲುಗೋಡೆಯ ಮನೆಗಳು ರಾತ್ರಿಯವರೆಗೂ ಕಾವನ್ನು ಉಗುಳುತ್ತಿರುವವು. ಇಂಥ ಒಂದು ಮನೆಯಲ್ಲಿ, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ ಮೊಮ್ಮಗನು ಸೈಬೀರಿಯದ ಹಸ್ಕಿ ನಾಯಿಯ ಮರಿಯನ್ನು ತಂದುಕೊಡುವೆನೆಂದು ಉತ್ಸಾಹದಿಂದ ಹೇಳಿದನು. ಅಜ್ಜಿಯು ಚಿತ್ರವನ್ನು ನೋಡಿ ಚೆಲುವಾಗಿದೆಯೆಂದು ಒಪ್ಪಿದಳು, ಬಳಿಕ, “ನಾಯಿ ತರೋದೇನ್ ದೊಡ್ಡದಲ್ಲಪ್ಪಾ. ನೀ ಊರಿಗಿ ಹೋದ ಮ್ಯಾಲ ಅದರ ಹೊಟ್ಟಿ ಯಾರು ನೋಡಬೇಕು?” ಎಂದು ಕೇಳಿದಳು. ತಳಿಗಳ ವಿಷಯದಲ್ಲಿ ಏನೂ ಓದದ ಆ ವೃದ್ಧೆಯ ಪ್ರಶ್ನೆಯಲ್ಲಿ ಈ ವಿಷಯದ ಸಾರವೆಲ್ಲ ಅಡಗಿದೆ.

ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವದಿಲ್ಲ. ನಾಲಿಗೆಯನ್ನು ಚಾಚಿ ತೇಕಿಯೇ ಅದು ಮುಖ್ಯವಾಗಿ ತನ್ನ ಕಾವನ್ನು ಇಳಿಸಿಕೊಳ್ಳಬೇಕು. ಹಿಮಪ್ರದೇಶದ ಹಸ್ಕಿಗೂ ಆಲ್ಪ್ಸ್ ಪರ್ವತದ ಸೇಂಟ್ ಬರ್ನಾರ್ಡಿಗೂ ನಿಸರ್ಗವು ಕೊಟ್ಟ ದಟ್ಟ ರೋಮವು ಇಲ್ಲಿ ಬೇಸಿಗೆಯಲ್ಲಿ ಹೊದಿಸಿದ ಕಂಬಳಿಯಾಗುವದು. ಚಪ್ಪಟೆ ಮೂತಿಯ ಪಗ್ ನಾಯಿಗೆ ಉಸಿರಾಟದ ಹಾದಿಯೇ ಇಕ್ಕಟ್ಟು. ಸೆಕೆಯಲ್ಲಿ ಅದರ ಸಂಕಟವು ಇನ್ನೂ ಹೆಚ್ಚು.

ಹಾಗಾದರೆ ಕನ್ನಡ ನಾಡಿನದೇ ಆದ ಮುಧೋಳದ ನಾಯಿಯನ್ನು ತರಬಹುದಲ್ಲವೆ? ಅದರ ಕೀರ್ತಿಯು ಅಲ್ಪವಲ್ಲ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಅದಕ್ಕೆ ಆಶ್ರಯವಿತ್ತರು. 2005ರಲ್ಲಿ ಅಂಚೆಯ ಇಲಾಖೆಯು ಅದರ ಚಿತ್ರವುಳ್ಳ ಚೀಟಿಯನ್ನು ಹೊರಡಿಸಿತು. 2016ರಲ್ಲಿ ಸೇನೆಯವರು ಅದರ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವೂ ಉಂಟು. ತೆಳುವಾದ ಮೈ, ಗಿಡ್ಡ ರೋಮಗಳ ಈ ನಾಯಿಯು ಬಿಸಿಲನ್ನು ತಾಳಬಲ್ಲದು. ಆದರೆ ಅದು ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಕಾಲಿನಿಂದ ಬೆನ್ನಟ್ಟುವ ಪ್ರಾಣಿ. ಬೇಟೆಯು 1972ರ ಕಾಯಿದೆಯಿಂದ ನಿಷಿದ್ಧವಾದರೂ ಓಟದ ಹಂಬಲವು ಅದರ ರಕ್ತದಿಂದ ಹೋಗಲಿಲ್ಲ. ಹೊಲ, ಬಯಲು ಇದ್ದು, ನಿತ್ಯವೂ ಓಡಿಸಬಲ್ಲ ಮನುಷ್ಯನಿರುವ ಮನೆಗೆ ಅದು ಭೂಷಣ. ಇಕ್ಕಟ್ಟಾದ ಓಣಿಯಲ್ಲಿ ಸರಪಳಿ ಬಿಗಿದು ನಿಲ್ಲಿಸಿದರೆ ಅದು ಕೊರಗುವದು; ಸರಪಳಿ ಕಳಚಿದ ದಿನ ನೆರೆಯವರ ಕೋಳಿ, ಬೆಕ್ಕುಗಳಿಗೆ ಅಪಾಯವೂ ತಪ್ಪದು.

ಮೇಲೆ ಹೇಳಿದ ಮನೆಯವರು ಕಡೆಗೆ ತಮ್ಮ ಓಣಿಯ ನಾಡನಾಯಿಯ ಮರಿಯೊಂದನ್ನು ಆರಿಸಿಕೊಂಡರು. ಅದು ಈ ಬಿಸಿಲಿನಲ್ಲಿಯೇ ತಲೆತಲಾಂತರದಿಂದ ಬಾಳಿದ ಕುಲದ್ದು. ಆದರೂ ನಾಡನಾಯಿಯೆಂದು ಉದಾಸೀನ ಮಾಡತಕ್ಕದ್ದಲ್ಲ. ಎಂಟು ವಾರಗಳಾಗುವ ಮೊದಲು ಮರಿಯನ್ನು ತಾಯಿಯಿಂದ ಅಗಲಿಸಬಾರದು. ಮೂರು ತಿಂಗಳು ತುಂಬಿದೊಡನೆ ರೇಬೀಸ್ ಲಸಿಕೆಯನ್ನು ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ಅದನ್ನು ನಡೆಸಿಕೊಂಡು ಹೋಗಬೇಕು. ಆ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯನು ಬದುಕುವದು ತೀರ ವಿರಳ. ಯಾವ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರು, ಸಾಬೂನುಗಳಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.

ನಾಯಿಯ ಆಯುಸ್ಸು ಸಾಮಾನ್ಯವಾಗಿ 10ರಿಂದ 14 ವರ್ಷ. ಮರಿಯ ಆಟವು ಕೆಲವೇ ತಿಂಗಳದ್ದು. ಮುಪ್ಪಿನ ಸೇವೆಯು ವರ್ಷಗಟ್ಟಲೆ. ಬೇಸರವಾದಾಗ ದೂರದ ಊರಿನ ರಸ್ತೆಯಲ್ಲಿ ಇಳಿಸಿ ಬರುವವರೂ ಇದ್ದಾರೆ. ಮಹಾಭಾರತದ ಧರ್ಮರಾಜನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನೇರಲು ಒಪ್ಪಲಿಲ್ಲ. ಆ ನಾಯಿ ಯಾವ ತಳಿಯದೆಂದು ವ್ಯಾಸರು ಹೇಳಿಲ್ಲ. ಅವನು ಅದನ್ನು ಬಿಡಲಿಲ್ಲವೆಂಬುದನ್ನು ಮಾತ್ರ ಹೇಳಿದ್ದಾರೆ. ಕಡೆಯವರೆಗೆ ಬಿಡದೆ ಸಾಕಬಲ್ಲ ನಾಯಿಯೇ ಮನೆಗೆ ತಕ್ಕ ನಾಯಿ.